ಆಟಿಕೆ ಅಂತ ಅನ್ನೋಕೆ ಮುಂಚೆ: ಮಾಡೆಲ್ ಕುದುರೆಗಳ ಲೋಕದಲ್ಲಿ ಒಂದು ಸುತ್ತು

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

 

ಇವತ್ತಿನ ವಿಷಯ ಕುದುರೆ. ಓಡೋ ಕುದುರೆ ಅಲ್ಲ, ರೇಸ್ ಕೋರ್ಸ್ ಕುದುರೆ ಅಲ್ಲ. ಪ್ಲಾಸ್ಟಿಕ್ ಕುದುರೆ. ಒಂದು ಅಡಿ ಉದ್ದದ, ಮೇಜಿನ ಮೇಲೆ ನಿಲ್ಲೋ ಕುದುರೆ. ಅದನ್ನ ಸಂಗ್ರಹ ಮಾಡೋರು ಇದ್ದಾರೆ, ಅದಕ್ಕೆ ಬಣ್ಣ ಹಚ್ಚೋರು ಇದ್ದಾರೆ, ಅದಕ್ಕೆ ಬೆರಳುದ್ದದ ಚರ್ಮದ ಜೀನು ಹೊಲಿಯೋರು ಇದ್ದಾರೆ. ಅಷ್ಟೇ ಅಲ್ಲ, ಅದನ್ನ ಪೆಟ್ಟಿಗೇಲಿ ಹಾಕ್ಕೊಂಡು ನೂರಾರು ಮೈಲಿ ಕಾರ್ ಓಡಿಸಿ ಸ್ಪರ್ಧೆಗೆ ಹೋಗೋರೂ ಇದ್ದಾರೆ. ಅಮೆರಿಕದಲ್ಲಿ ಇದು ದೊಡ್ಡ ಹವ್ಯಾಸ. ಮಾಡೆಲ್ ಹಾರ್ಸ್ ಹಾಬಿ ಅಂತಾರೆ. ಬ್ರಿಟನ್, ಕೆನಡಾ, ಜರ್ಮನಿ, ಆಸ್ಟ್ರೇಲಿಯಾದಲ್ಲೂ ಇದೆ.

ನಿಮ್ಮ ತಲೇಲಿ ಈಗ ಚನ್ನಪಟ್ಟಣದ ಮರದ ಕುದುರೆ ಬಂದಿರುತ್ತೆ. ಕೆಂಪು, ಹಳದಿ, ನುಣುಪು. ಅದು ಚಂದ, ಆದ್ರೆ ಆ ಚಿತ್ರನ ಸ್ವಲ್ಪ ಪಕ್ಕಕ್ಕಿಡಿ. ಚನ್ನಪಟ್ಟಣದ ಕುದುರೆ "ಕುದುರೆ ಅಂದ್ರೆ ಹೀಗೆ" ಅಂತ ಒಂದು ಸುಳಿವು ಕೊಟ್ಟು ಸುಮ್ಮನಾಗುತ್ತೆ. ಉಳಿದಿದ್ದನ್ನ ಮಗು ಊಹಿಸಿಕೊಳ್ಳುತ್ತೆ. ಇಲ್ಲಿ ಊಹೆಗೆ ಬಿಡೋದು ಕಡಿಮೆ. ಕುತ್ತಿಗೆಯ ನರ, ಮೊಣಕಾಲಿನ ಮೂಳೆ, ಗೊರಸಿನ ಓರೆ, ಎಲ್ಲ ನಿಜವಾದ ಕುದುರೆಯ ಥರಾನೇ ಇರಬೇಕು.

ಗಡಿಯಾರದ ಮೇಲೆ ನಿಂತ ಕುದುರೆ

ಶುರು ಆಗಿದ್ದು ಶಿಕಾಗೋದಲ್ಲಿ. ಬ್ರೇಯರ್ ಅಂತ ಒಂದು ಪ್ಲಾಸ್ಟಿಕ್ ಅಚ್ಚಿನ ಕಂಪನಿ. ಬೇರೆಯವರ ಆರ್ಡರ್‌ಗೆ ಪ್ಲಾಸ್ಟಿಕ್ ಭಾಗ ಮಾಡಿಕೊಡೋದು ಇವರ ಕೆಲಸ. 1950ರಲ್ಲಿ ಮಾಸ್ಟರ್‌ಕ್ರಾಫ್ಟರ್ಸ್ ಅನ್ನೋ ಗಡಿಯಾರ ಕಂಪನಿ ಬಂದು, ನಮ್ಮ ಗಡಿಯಾರದ ಜೊತೆ ನಿಲ್ಲಿಸೋಕೆ ಒಂದು ಕುದುರೆ ಮಾಡಿಕೊಡಿ ಅಂತ ಕೇಳ್ತು. ಕೌಬಾಯ್ ಜೀನು ಹಾಕಿರೋ, ತಿಳಿ ಬಂಗಾರ ಬಣ್ಣದ ಕುದುರೆ. ವೆಸ್ಟರ್ನ್ ಹಾರ್ಸ್ ಅಂತ ಅದರ ಹೆಸರು. ಆ ಅಚ್ಚು ಕೊನೆಗೆ ಬ್ರೇಯರ್ ಹತ್ರಾನೇ ಉಳೀತು, ಹಣದ ಬದಲು. ಆಮೇಲೆ ವುಲ್‌ವರ್ತ್ ಅಂಗಡಿಗಳಿಂದ ಬೇಡಿಕೆ ಬಂತು. ಜನಕ್ಕೆ ಗಡಿಯಾರಕ್ಕಿಂತ ಕುದುರೆ ಇಷ್ಟ ಆಯ್ತು. ಪಕ್ಕದ ಉತ್ಪನ್ನ ಮುಖ್ಯ ಉತ್ಪನ್ನ ಆಗೋದು ಅಂದ್ರೆ ಇದೇ. ಬಿಕಾಂ ಕ್ಲಾಸಲ್ಲಿ ಬೈ-ಪ್ರಾಡಕ್ಟ್ ಪಾಠ ಮಾಡುವಾಗ ಈ ಕಥೆ ಹೇಳಿದ್ರೆ ಹಿಂದಿನ ಬೆಂಚಿನವರೂ ಎದ್ದು ಕೂರ್ತಿದ್ರು.

ಕ್ರಿಸ್ ಹೆಸ್ ಅನ್ನೋ ಶಿಲ್ಪಿ ದಶಕಗಳ ಕಾಲ ಬ್ರೇಯರ್‌ಗೆ ಕುದುರೆಗಳನ್ನ ರೂಪಿಸಿಕೊಟ್ರು. ಕ್ಯಾಲಿಫೋರ್ನಿಯಾದಲ್ಲಿ ಹೇಗನ್-ರೆನಾಕರ್ ಅನ್ನೋ ಕುಟುಂಬದ ಕಂಪನಿ ಪಿಂಗಾಣಿಯಲ್ಲಿ ಇನ್ನೂ ನಾಜೂಕಾದ ಕುದುರೆಗಳನ್ನ ಮಾಡ್ತಿತ್ತು. ಅಲ್ಲಿನ ಶಿಲ್ಪಿ ಮೋರೀನ್ ಲವ್ ಅವರ ಕೆಲಸವನ್ನ ಇವತ್ತಿಗೂ ಸಂಗ್ರಾಹಕರು ಹೆಸರು ಹೇಳಿ ಹುಡುಕ್ತಾರೆ. 1984ರಲ್ಲಿ ರೀವ್ಸ್ ಇಂಟರ್‌ನ್ಯಾಷನಲ್ ಬ್ರೇಯರ್ ಅನ್ನ ಕೊಂಡುಕೊಳ್ತು. ಕಂಪನಿ ನ್ಯೂಜೆರ್ಸಿಗೆ ಹೋಯ್ತು, ತಯಾರಿಕೆ ನಿಧಾನವಾಗಿ ಚೀನಾಕ್ಕೆ ಹೋಯ್ತು.

ಅಳತೆ ಬಗ್ಗೆ ಒಂದು ಮಾತು. ಇದು ಮುಂದೆ ಬೇಕಾಗುತ್ತೆ. ದೊಡ್ಡದಕ್ಕೆ ಟ್ರೆಡಿಷನಲ್ ಅಂತಾರೆ, 1:9 ಅಳತೆ. ಅಂದ್ರೆ ನಿಜವಾದ ಕುದುರೆಯ ಒಂಬತ್ತನೇ ಒಂದು ಭಾಗ. ಕ್ಲಾಸಿಕ್ ಅಂದ್ರೆ 1:12. ಅಂಗೈಯಲ್ಲಿ ಕೂರೋ ಸ್ಟೇಬಲ್‌ಮೇಟ್ ಅಂದ್ರೆ 1:32. ಪುಟ್ಟದು ಹತ್ತು ಡಾಲರ್ ಒಳಗೆ ಸಿಗುತ್ತೆ. ಹಾಗಾಗಿ ಈ ಹವ್ಯಾಸದ ಬಾಗಿಲು ಮಕ್ಕಳ ಪಾಕೆಟ್ ಮನಿಗೂ ತೆರೆದಿರುತ್ತೆ. ಒಳಗೆ ಹೋದ ಮೇಲೆ ಎಷ್ಟು ಖರ್ಚಾಗುತ್ತೆ ಅನ್ನೋದು ಬೇರೆ ಕಥೆ.

ಸ್ಪರ್ಧೆ ಅಂದ್ರೆ ಏನು ನಡೆಯುತ್ತೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ಲೈವ್ ಶೋ.

ಒಂದು ಸಮುದಾಯ ಭವನ ಕಲ್ಪಿಸಿಕೊಳ್ಳಿ. ಬೆಳಿಗ್ಗೆ ಬೇಗ ಕಾರುಗಳು ಬಂದು ನಿಲ್ತವೆ. ದೊಡ್ಡ ದೊಡ್ಡ ಪ್ಲಾಸ್ಟಿಕ್ ಡಬ್ಬಗಳು ಇಳೀತವೆ. ಒಳಗೆ ಪ್ರತಿ ಕುದುರೆಗೂ ಮೆತ್ತನೆ ಬಟ್ಟೆಯ ಚೀಲ. ಕಿವಿ ತುದಿ ಮುರೀಬಾರದು, ಬಾಲದ ಬಣ್ಣ ಉಜ್ಜಿ ಹೋಗಬಾರದು. ಎಲ್ರೂ ತಮ್ಮ ಮೇಜಿನ ಮೇಲೆ ಕುದುರೆಗಳನ್ನ ಜೋಡಿಸ್ತಾರೆ. ಪ್ರತಿ ಕುದುರೆಯ ಕಾಲಿಗೆ ದಾರದಲ್ಲಿ ಒಂದು ಚಿಕ್ಕ ಚೀಟಿ: ಹೆಸರು, ತಳಿ, ಗಂಡೋ ಹೆಣ್ಣೋ. ಹೌದು, ಪ್ರತಿ ಕುದುರೆಗೂ ಒಂದು ಹೆಸರು. ಕೆಲವರು ತಂದೆ ಕುದುರೆ ಯಾರು, ತಾಯಿ ಯಾರು ಅಂತ ವಂಶಾವಳಿ ಕೂಡ ಬರೆದಿಟ್ಟಿರ್ತಾರೆ.

ಆಮೇಲೆ ವರ್ಗ ಕೂಗ್ತಾರೆ: "ಅರೇಬಿಯನ್ ಗಂಡು ಕುದುರೆ". ಆ ವರ್ಗಕ್ಕೆ ಸೇರೋ ಕುದುರೆಗಳನ್ನ ಎಲ್ರೂ ತಂದು ನಿಗದಿ ಮಾಡಿದ ಮೇಜಿನ ಮೇಲೆ ಇಟ್ಟು ಹಿಂದೆ ಸರೀತಾರೆ. ತೀರ್ಪುಗಾರರು ಸುತ್ತ ನಡೀತಾ, ಬಗ್ಗಿ ನೋಡ್ತಾರೆ. ಇಲ್ಲಿ ಗದ್ದಲ ಇಲ್ಲ, ಚಪ್ಪಾಳೆ ಇಲ್ಲ. ಪಕ್ಕದಲ್ಲಿ ಉಸಿರು ಬಿಗಿ ಹಿಡ್ಕೊಂಡು ನಿಂತ ಜನ ಅಷ್ಟೇ.

ಏನು ನೋಡ್ತಾರೆ? ಹಾಲ್ಟರ್ ವರ್ಗ ಅಂದ್ರೆ ಕುದುರೆ ಒಂದೇ ನಿಂತಿರುತ್ತೆ, ಜೀನಿಲ್ಲ, ಸವಾರ ಇಲ್ಲ. ಅಲ್ಲಿ ಮೊದಲು ದೇಹದ ರಚನೆ ಸರಿ ಇದೆಯಾ ಅಂತ ನೋಡ್ತಾರೆ. ಹಿಂಗಾಲು ಸರಿಯಾದ ಜಾಗದಲ್ಲಿ ಮಡಚ್ತಾ ಇದೆಯಾ? ನಾಲ್ಕೂ ಕಾಲಿನ ಉದ್ದ ಹೊಂದುತ್ತಾ? ಆಮೇಲೆ ತಳಿ. ಶುದ್ಧ ಫ್ರೀಸಿಯನ್ ಕಪ್ಪಗಿರುತ್ತೆ, ನೀವು ಅದಕ್ಕೆ ಕಂದು ಬಿಳಿ ಪಟ್ಟೆ ಹಚ್ಚಿ ತಂದ್ರೆ ಕೆಳಗೆ ಹೋಗ್ತೀರ. ನಮ್ಮ ರಾಜಸ್ಥಾನದ ಮಾರ್ವಾಡಿ ಕುದುರೆ ಗೊತ್ತಲ್ಲ, ಕಿವಿ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗೋ ಹಾಗಿರುತ್ತೆ. ನೇರ ಕಿವಿಯ ಮಾಡೆಲ್‌ಗೆ "ಮಾರ್ವಾಡಿ" ಅಂತ ಚೀಟಿ ಕಟ್ಟಿದ್ರೆ, ಸಾವಿರಾರು ಮೈಲಿ ದೂರದಲ್ಲಿ ಕೂತ ತೀರ್ಪುಗಾರರು "ಇದು ಅಲ್ಲ" ಅಂತ ಹೇಳ್ತಾರೆ. ಅಪರೂಪದ ತಳಿ ಆದ್ರೆ ಜೊತೆಗೆ ಒಂದು ಮಾಹಿತಿ ಕಾರ್ಡ್ ಇಡೋ ಪದ್ಧತಿ ಇದೆ. ಫೋಟೋ, ತಳಿಯ ಲಕ್ಷಣ, ಯಾವ ಬಣ್ಣಗಳು ಬರ್ತವೆ, ಎಲ್ಲ ಅದರಲ್ಲಿರುತ್ತೆ. ಅಂದ್ರೆ ಸ್ಪರ್ಧೆಗೆ ಬರೋರು ಮನೇಲಿ ಕೂತು ಕುದುರೆಯ ಬಣ್ಣದ ಜೀನ್‌ಶಾಸ್ತ್ರ ಓದ್ತಾರೆ. ಪರೀಕ್ಷೆ ಇಲ್ಲದೆ, ಹಾಜರಿ ಇಲ್ಲದೆ, ಖುಷಿಗೆ.

ಪರ್ಫಾರ್ಮೆನ್ಸ್ ವರ್ಗ ಇನ್ನೂ ಮಜಾ. ಅಲ್ಲಿ ದೃಶ್ಯ ಕಟ್ಟಬೇಕು. ಕುದುರೆ ಬೇಲಿ ಹಾರ್ತಿದೆ ಅಂದುಕೊಳ್ಳಿ. ಜೀನು, ಲಗಾಮು, ಬಾಯಿಗೆ ಕಡಿವಾಣ, ಹೊಟ್ಟೆ ಪಟ್ಟಿ, ಮೇಲೆ ಸವಾರ ಗೊಂಬೆ, ಎಲ್ಲ 1:9 ಅಳತೆಯಲ್ಲಿ. ಬೇಲಿಯ ಎತ್ತರ ಅಳತೆಗೆ ಸರಿ ಇರಬೇಕು. ಪಟ್ಟಿ ಸಡಿಲ ಇದ್ರೆ ತಪ್ಪು, ಯಾಕಂದ್ರೆ ನಿಜವಾಗಿದ್ದಿದ್ರೆ ಸವಾರ ಬೀಳ್ತಿದ್ದ. ಕುದುರೆ ಕ್ಯಾಂಟರ್ ಓಟದಲ್ಲಿ ಎಡಕ್ಕೆ ತಿರುಗ್ತಾ ಇದ್ರೆ ಎಡ ಮುಂಗಾಲು ಮುಂದಿರಬೇಕು, ಬಲಗಾಲು ಮುಂದಿದ್ರೆ ಅಂಕ ಹೋಯ್ತು. ಸವಾರನ ಕಣ್ಣು ಎಲ್ಲಿ ನೋಡ್ತಿದೆ ಅನ್ನೋದನ್ನೂ ಗಮನಿಸ್ತಾರೆ.

ಈ ಜೀನುಗಳನ್ನ ಮಾಡೋದು ಒಂದು ಪೂರ್ತಿ ಕಸುಬು. ಚರ್ಮವನ್ನ ಹೆರೆದು ಹೆರೆದು ಕಾಗದದಷ್ಟು ತೆಳು ಮಾಡ್ತಾರೆ. ಅಕ್ಕಿ ಕಾಳಿನ ಗಾತ್ರದ ಬಕಲ್, ಅದೂ ನಿಜವಾಗಿ ಬಿಚ್ಚಿ ಹಾಕೋ ಹಾಗಿರೋದು. ಒಳ್ಳೆ ಕೆಲಸಗಾರರ ಹತ್ರ ಆರ್ಡರ್ ಕೊಟ್ಟು ತಿಂಗಳುಗಟ್ಟಲೆ ಕಾಯ್ತಾರೆ.

ಗೆದ್ರೆ ಏನು ಸಿಗುತ್ತೆ? ಹಣ ಅಲ್ಲ. ಒಂದು ರಿಬ್ಬನ್. ಜೊತೆಗೆ ಉತ್ತರ ಅಮೆರಿಕದ ಮಾಡೆಲ್ ಹಾರ್ಸ್ ಶೋಗಳ ಸಂಘ ಮಾನ್ಯ ಮಾಡಿದ ಸ್ಪರ್ಧೆ ಆಗಿದ್ರೆ, ಮೊದಲ ಎರಡು ಸ್ಥಾನಕ್ಕೆ ಒಂದು ಕಾರ್ಡ್. ಆ ಕಾರ್ಡ್ ಇದ್ರೆ ಮಾತ್ರ ಆ ಕುದುರೆ ಅವರ ರಾಷ್ಟ್ರೀಯ ಮಟ್ಟದ ಸ್ಪರ್ಧೆಗೆ ಅರ್ಹ. ಕುದುರೆ ಮಾರಿದ್ರೆ ಕಾರ್ಡ್ ಕೂಡ ಅದರ ಜೊತೆ ಹೋಗುತ್ತೆ. ಗಮನಿಸಿ, ಅರ್ಹತೆ ಮನುಷ್ಯರಿಗಲ್ಲ, ಕುದುರೆಗೆ.

ಬರೋಕೆ ಆಗದವರು ಏನ್ ಮಾಡ್ತಾರೆ? ತಮ್ಮ ಕುದುರೆಯನ್ನ ಗೆಳತಿಯ ಡಬ್ಬದಲ್ಲಿ ಕಳಿಸ್ತಾರೆ. ಇದಕ್ಕೆ ಪ್ರಾಕ್ಸಿ ಅಂತಾರೆ. ಇನ್ನೊಂದು ದಾರಿ ಫೋಟೋ ಶೋ. ಇಂಟರ್‌ನೆಟ್ ಬರೋಕೆ ಮುಂಚೆ ಇದೇ ದೊಡ್ಡ ದಾರಿ ಆಗಿತ್ತು. ತೋಟದಲ್ಲಿ ಹೊಟ್ಟೆ ಮೇಲೆ ಮಲಗಿ, ಹುಲ್ಲಿನ ಮಟ್ಟಕ್ಕೆ ಕ್ಯಾಮೆರಾ ಇಟ್ಟು, ಹಿಂದಿನ ಮರಗಳು ನಿಜವಾದ ಕಾಡಿನ ಥರ ಕಾಣೋ ಹಾಗೆ ಫೋಟೋ ತೆಗೆದು, ಪ್ರಿಂಟ್ ಹಾಕಿಸಿ, ಅಂಚೆಯಲ್ಲಿ ಕಳಿಸ್ತಿದ್ರು. ವಾರಗಟ್ಟಲೆ ಕಾದ ಮೇಲೆ ಫಲಿತಾಂಶ ಅಂಚೆಯಲ್ಲೇ ಬರ್ತಿತ್ತು. ಊರಲ್ಲಿ ಒಬ್ಬಳೇ ಇಂಥ ಹುಚ್ಚಿನವಳು ಅಂದುಕೊಂಡಿದ್ದ ಹುಡುಗಿಗೆ, ಬೇರೆ ರಾಜ್ಯದಲ್ಲಿ ಇನ್ನೊಬ್ಬಳಿದ್ದಾಳೆ ಅಂತ ಆ ಲಕೋಟೆ ಹೇಳ್ತಿತ್ತು.

ಈಗ ದುಡ್ಡಿನ ಲೆಕ್ಕ

ನನಗೆ ಈ ಹವ್ಯಾಸದಲ್ಲಿ ತುಂಬಾ ಕುತೂಹಲ ಹುಟ್ಟಿಸಿದ್ದು ಬೆಲೆ.

ಒಂದೇ ಕಾರ್ಖಾನೆ, ಒಂದೇ ಅಚ್ಚು, ಒಂದೇ ಬಣ್ಣ, ಒಂದೇ ಎಂಆರ್‌ಪಿ. ಆದ್ರೂ ಅಂಗಡಿಯ ಕಪಾಟಿನಲ್ಲಿರೋ ಹತ್ತು ಕುದುರೆಗಳು ಒಂದೇ ಅಲ್ಲ. ಯಾಕಂದ್ರೆ ಅಚ್ಚಿನಿಂದ ಬಂದ ಎರಡು ಅರ್ಧಗಳನ್ನ ಅಂಟಿಸಿ, ಗೆರೆ ಉಜ್ಜಿ, ಏರ್‌ಬ್ರಶ್‌ನಲ್ಲಿ ಬಣ್ಣ ಹಚ್ಚೋದು ಮನುಷ್ಯರ ಕೈ. ಒಂದರ ಕಣ್ಣು ಸರಿಯಾಗಿ ಕೂತಿರುತ್ತೆ, ಇನ್ನೊಂದರ ಗೊರಸಿನ ಮೇಲೆ ಬಣ್ಣ ಚೆಲ್ಲಿರುತ್ತೆ. ಚೆನ್ನಾಗಿ ಬಂದಿರೋದಕ್ಕೆ "ಲೈವ್ ಶೋ ಕ್ವಾಲಿಟಿ" ಅಂತ ಹೆಸರು. ಅದಕ್ಕೆ ಹೆಚ್ಚು ಬೆಲೆ. ಅಂಗಡಿಯಲ್ಲಿ ಟೊಮೆಟೊ ಆರಿಸೋ ಹಾಗೆ ಕೂತು ಆರಿಸೋರಿದ್ದಾರೆ.

ಎರಡನೇದು ಅಪರೂಪ. 1960ರ ದಶಕದಲ್ಲಿ ಬ್ರೇಯರ್ ಒಂದು ಪ್ರಯೋಗ ಮಾಡ್ತು. ನೀಲಿ ಕುದುರೆ, ಬಂಗಾರದ ಕುದುರೆ. ಮನೆ ಅಲಂಕಾರಕ್ಕೆ ಅಂತ. ಸಂಗ್ರಾಹಕರು ಅವನ್ನ ಡೆಕೊರೇಟರ್ ಅಂತ ಕರೀತಾರೆ. ಆಗ ಯಾರೂ ಕೊಳ್ಳಲಿಲ್ಲ. ಕೊಳ್ಳಲಿಲ್ಲ ಅಂತ ಜಾಸ್ತಿ ಮಾಡಲಿಲ್ಲ. ಜಾಸ್ತಿ ಮಾಡಲಿಲ್ಲ ಅಂತ ಇವತ್ತು ಅವಕ್ಕೆ ಭಾರಿ ಬೆಲೆ. ಆವತ್ತಿನ ಸೋತ ಸರಕು ಇವತ್ತಿನ ಚಿನ್ನ. ಹಾಗೇನೇ 1970ರ ದಶಕದ ತೈಲ ಬಿಕ್ಕಟ್ಟು. ಒಳ್ಳೆ ಬಿಳಿ ಪ್ಲಾಸ್ಟಿಕ್ ಸಿಗದೆ, ಸಿಕ್ಕ ಬಣ್ಣದ ಪ್ಲಾಸ್ಟಿಕ್‌ನಲ್ಲಿ ಕುದುರೆ ಮಾಡಿ, ಮೇಲೆ ಬಿಳಿ ಬಣ್ಣ ಬಳಿದು, ಅದರ ಮೇಲೆ ಕುದುರೆಯ ಬಣ್ಣ ಹಚ್ಚಿದ್ರು. ಅವಕ್ಕೆ ಚಾಕಿ ಅಂತಾರೆ, ಸೀಮೆಸುಣ್ಣದ ಥರ ಕಾಣೋದ್ರಿಂದ. ಅರಬ್ ದೇಶಗಳ ತೈಲ ನಿರ್ಬಂಧದ ಗುರುತು ಒಂದು ಮಕ್ಕಳ ಕುದುರೆಯ ಚರ್ಮದ ಕೆಳಗೆ ಕೂತಿದೆ. ಅದನ್ನೂ ಹುಡುಕಿ ಕೊಳ್ಳೋರಿದ್ದಾರೆ.

ಮೂರನೇದು ಕಲಾವಿದರ ಕೆಲಸ. ಕಾರ್ಖಾನೆಯ ಕುದುರೆ ತಗೊಂಡು, ಬಿಸಿ ಗಾಳಿಯಲ್ಲಿ ಕಾಲು ಬಗ್ಗಿಸಿ, ಎಪಾಕ್ಸಿ ಮೆತ್ತಿ ಹೊಸ ತಲೆ ಕಟ್ಟಿ, ಪೇಸ್ಟಲ್ ಪುಡಿಯಲ್ಲಿ ಒಂದೊಂದು ಪದರ ಬಣ್ಣ ಕೊಡೋರು ಒಂದು ಕಡೆ. ಸ್ವಂತ ಶಿಲ್ಪ ಮಾಡಿ, ರೆಸಿನ್‌ನಲ್ಲಿ ಎರಕ ಹೊಯ್ದು, ಸೀಮಿತ ಸಂಖ್ಯೆಯಲ್ಲಿ ಮಾರೋರು ಇನ್ನೊಂದು ಕಡೆ. ಒಳ್ಳೆ ಕಲಾವಿದರು ಬಣ್ಣ ಹಚ್ಚಿದ ಒಂದು ರೆಸಿನ್ ಕುದುರೆ ಸಾವಿರಾರು ಡಾಲರ್‌ಗೆ ಹೋಗುತ್ತೆ.

ಇಷ್ಟು ದುಡ್ಡು ಇದ್ದಲ್ಲಿ ಮೋಸ ಬರದೆ ಇರುತ್ತಾ? ರೆಸಿನ್ ಕುದುರೆಯಿಂದ ಅಚ್ಚು ತೆಗೆದು ನಕಲಿ ಎರಕ ಹೊಯ್ದು ಮಾರೋದು ದೊಡ್ಡ ಪಿಡುಗು. ರೀಕಾಸ್ಟ್ ಅಂತಾರೆ. ಇದಕ್ಕೆ ಪೊಲೀಸರು ಬರೋದಿಲ್ಲ. ಆದ್ರೆ ಸಮುದಾಯವೇ ಒಂದು ಗೋಡೆ ಕಟ್ಟಿಕೊಂಡಿದೆ: ನಕಲಿ ಅಂತ ಗೊತ್ತಾದ್ರೆ ಸ್ಪರ್ಧೆಗೆ ಬಿಡಲ್ಲ. ಸ್ಪರ್ಧೆಗೆ ಹೋಗದ ಕುದುರೆಗೆ ಬೆಲೆ ಇಲ್ಲ. ಹಾಗೆ ಒಬ್ಬ ಶಿಲ್ಪಿಯ ಹೊಟ್ಟೆಪಾಡು ಉಳಿಯುತ್ತೆ.

ಇನ್ನೊಂದು ವಿಷಯ ಕೇಳಿ. ಈ ಲೋಕದಲ್ಲಿ ಟೈಮ್ ಪೇಮೆಂಟ್ ಅಂತ ಇದೆ. ದುಬಾರಿ ಕುದುರೆ ಇಷ್ಟ ಆಯ್ತು, ಒಟ್ಟಿಗೆ ಕೊಡೋಕೆ ದುಡ್ಡಿಲ್ಲ. ಮಾರೋರು ಆರು ತಿಂಗಳು ಕಂತು ಕಟ್ಟಿ ಅಂತಾರೆ. ಬ್ಯಾಂಕ್ ಇಲ್ಲ, ಸಿಬಿಲ್ ಸ್ಕೋರ್ ಇಲ್ಲ, ಜಾಮೀನಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡೇ ಇರಲ್ಲ. ಹಿಂದೆ ಇವರ ಜೊತೆ ವ್ಯವಹಾರ ಮಾಡಿದವರು ಏನು ಹೇಳ್ತಾರೆ ಅನ್ನೋದೇ ದಾಖಲೆ. ಹಳ್ಳಿಯ ಕಿರಾಣಿ ಅಂಗಡಿ ಲೆಕ್ಕದ ಪುಸ್ತಕ ನೆನಪಾಗಲ್ವಾ? ಹೆಸರು ಕೆಟ್ಟರೆ ವ್ಯಾಪಾರ ಕೆಟ್ಟಂಗೆ.

ಹಾಗಾದ್ರೆ ಇದು ಹೂಡಿಕೆನಾ? ಅಲ್ಲ. ಇದನ್ನ ಸ್ಪಷ್ಟವಾಗಿ ಹೇಳ್ತೀನಿ, ಯಾಕಂದ್ರೆ ಸ್ನೀಕರ್, ಕಾರ್ಡ್, ಗೊಂಬೆ ಎಲ್ಲವನ್ನೂ "ಇನ್ವೆಸ್ಟ್‌ಮೆಂಟ್" ಅಂತ ಮಾರೋ ರೀಲ್‌ಗಳು ನಿಮ್ಮ ಫೋನಿಗೂ ಬರ್ತಿರ್ತವೆ. ಹಳೆ ಬ್ರೇಯರ್ ಕುದುರೆಗಳು ಸೆಲ್ಯುಲೋಸ್ ಅಸಿಟೇಟ್ ಅನ್ನೋ ಪ್ಲಾಸ್ಟಿಕ್. ಹಳೆ ಸಿನಿಮಾ ರೀಲು ಹಾಳಾಗೋ ಹಾಗೇ ಇದೂ ಹಾಳಾಗಬಹುದು. ವಿನೆಗರ್ ವಾಸನೆ ಶುರುವಾಗುತ್ತೆ, ಮೈ ಜಿಗುಟಾಗುತ್ತೆ, ಕುದುರೆ ಸಣ್ಣಗೆ ಕುಗ್ಗುತ್ತಾ ಹೋಗುತ್ತೆ. 1980ರ ದಶಕದ ಕೊನೆಯ ಕೆಲವು ತಯಾರಿಕೆಗಳಿಗೆ ಈ ಕಾಯಿಲೆ ಜಾಸ್ತಿ. ಸಂಗ್ರಾಹಕರು ಅವನ್ನ ಶ್ರಿಂಕಿ ಅಂತ ಕರೀತಾರೆ. ಬಿಳಿ ಕುದುರೆ ಹಳದಿ ಆಗುತ್ತೆ, ಅದನ್ನ ಬಿಸಿಲಿಗಿಟ್ಟು ಬಿಳುಪು ಮಾಡ್ತಾರೆ. ನಿಮ್ಮ ಆಸ್ತಿ ಕಪಾಟಿನಲ್ಲಿ ಕೂತಲ್ಲೇ ಕರಗಬಹುದು. ಸವಕಳಿ ಲೆಕ್ಕದಲ್ಲಿ ಬರೆಯೋಕೂ ಆಗಲ್ಲ. ಅದೃಷ್ಟದ ಅಪರೂಪದ ಕುದುರೆಗಳನ್ನ ಬಿಟ್ರೆ, ಬಹುತೇಕ ಕುದುರೆಗಳು ಕೊಟ್ಟ ದುಡ್ಡಿಗಿಂತ ಕಡಿಮೆಗೇ ಹೋಗ್ತವೆ.

ಹಾಗಾದ್ರೆ ಯಾಕೆ?

ಇದೇ ಪ್ರಶ್ನೆಗೆ ನಾನು ನಿಮ್ಮನ್ನ ಇಲ್ಲಿವರೆಗೆ ಕರ್ಕೊಂಡು ಬಂದೆ.

ಈ ಹವ್ಯಾಸದಲ್ಲಿ ಬಹುಪಾಲು ಹೆಂಗಸರು. ಎಂಟು ವರ್ಷದ ಹುಡುಗಿ ಇದ್ದಾಳೆ, ಎಪ್ಪತ್ತು ದಾಟಿದ ಅಜ್ಜಿ ಇದ್ದಾರೆ. ಅವರೆಲ್ಲರೂ ಒಂದಲ್ಲ ಒಂದು ದಿನ ಕೇಳಿರೋ ಮಾತು, "ಇಷ್ಟು ದೊಡ್ಡವಳಾಗಿ ಇನ್ನೂ ಗೊಂಬೆ ಜೊತೆ ಆಡ್ತೀಯಾ?" ಈಗ ಇದನ್ನ ಯೋಚನೆ ಮಾಡಿ. ಐವತ್ತು ವರ್ಷದ ಗಂಡಸು ಮನೆಯ ಒಂದು ಕೋಣೆ ತುಂಬ ಆಟದ ರೈಲು ಹಳಿ ಹಾಸಿದ್ರೆ, ಪತ್ರಿಕೇಲಿ ಫೋಟೋ ಬರುತ್ತೆ, "ರೈಲು ಪ್ರೇಮಿ" ಅಂತ. ಪುಟ್ಟ ಕಾರುಗಳನ್ನ ಗಾಜಿನ ಕಪಾಟಲ್ಲಿ ಇಟ್ಟರೆ "ಕಲೆಕ್ಟರ್". ಅದೇ ನಿಷ್ಠೆ, ಅದೇ ಅಳತೆ ಲೆಕ್ಕ, ಅದೇ ಖರ್ಚು ಒಬ್ಬ ಹೆಂಗಸು ಕುದುರೆ ಮೇಲೆ ಹಾಕಿದ್ರೆ "ಮಕ್ಕಳಾಟ". ವಸ್ತು ಪ್ಲಾಸ್ಟಿಕ್ಕೇ, ಎರಡೂ ಕಡೆ. ಬದಲಾಗಿರೋದು ಹಿಡ್ಕೊಂಡ ಕೈ ಮಾತ್ರ.

ಮತ್ತೆ ಕುದುರೆಯೇ ಯಾಕೆ? ನಿಜವಾದ ಕುದುರೆ ಸಾಕೋದು ಅಮೆರಿಕದಲ್ಲೂ ಎಲ್ರಿಗೂ ಆಗೋ ಮಾತಲ್ಲ. ಲಾಯದ ಬಾಡಿಗೆ, ಹುಲ್ಲು, ಲಾಳ, ಪಶುವೈದ್ಯರು, ಪ್ರತಿ ತಿಂಗಳು ಬರೋ ಬಿಲ್. ಬಾಡಿಗೆ ಫ್ಲ್ಯಾಟ್‌ನಲ್ಲಿರೋಳಿಗೆ, ಬೆನ್ನು ನೋವಿಂದ ಸವಾರಿ ಬಿಟ್ಟೋಳಿಗೆ, ವೀಲ್‌ಚೇರ್‌ನಲ್ಲಿರೋಳಿಗೆ, ಜೀವನದಲ್ಲಿ ಒಂದು ಸಲಾನೂ ಕುದುರೆ ಹತ್ತದೋಳಿಗೆ, ಈ ಮೇಜಿನ ಹತ್ರ ಜಾಗ ಇದೆ. ಕುದುರೆ ಬಗ್ಗೆ ಅವಳಿಗೆ ಗೊತ್ತಿರೋದು ಇಲ್ಲಿ ಎಣಿಕೆಗೆ ಬರುತ್ತೆ. ಹೊರಗೆ ಎಲ್ಲೂ ಬರದ ಅವಳ ಜ್ಞಾನಕ್ಕೆ ಇಲ್ಲಿ ರಿಬ್ಬನ್ ಕಟ್ಟುತ್ತಾರೆ.

ಹಾಗಂತ ಎಲ್ಲ ಚಂದ ಅಂತ ಹೇಳ್ತಿಲ್ಲ. ಬೆಲೆ ಏರಿದಷ್ಟೂ ಹೊಸಬರಿಗೆ ಕಷ್ಟ. ಸೀಮಿತ ಬಿಡುಗಡೆಗೆ ಲಾಟರಿ ಎತ್ತೋದು, ಸಿಕ್ಕ ಕೂಡಲೇ ಎರಡರಷ್ಟು ಬೆಲೆಗೆ ಮಾರೋದು, ಇದೆಲ್ಲ ಇಲ್ಲೂ ಇದೆ. ಸಾವಿರ ಡಾಲರ್ ಕುದುರೆಯ ಪಕ್ಕದಲ್ಲಿ ತನ್ನ ಜನ್ಮದಿನದ ಕುದುರೆ ಇಟ್ಟ ಹುಡುಗಿ ಪದೇಪದೇ ಸೋತ್ರೆ, ಮುಂದಿನ ಸಲ ಬರ್ತಾಳಾ? ಅದಕ್ಕೇ ಎಷ್ಟೋ ಶೋಗಳಲ್ಲಿ ಕಾರ್ಖಾನೆ ಬಣ್ಣದ ಕುದುರೆಗಳಿಗೆ ಬೇರೆ ವರ್ಗ, ಕಲಾವಿದರ ಕೆಲಸಕ್ಕೆ ಬೇರೆ, ಹೊಸಬರಿಗೆ, ಮಕ್ಕಳಿಗೆ ಬೇರೆ ಅಂತ ಮಾಡಿರ್ತಾರೆ. ಈ ವಿಂಗಡಣೆ ನಿಯಮ ಪುಸ್ತಕದ ಬೋರ್ ವಿಷಯ ಅನ್ನಿಸುತ್ತೆ. ಆದ್ರೆ ಹವ್ಯಾಸ ಮುಂದಿನ ತಲೆಮಾರಿಗೆ ಹೋಗುತ್ತೋ ಇಲ್ವೋ ಅನ್ನೋದು ಅಲ್ಲೇ ತೀರ್ಮಾನ ಆಗೋದು.

ವರ್ಷಕ್ಕೊಂದು ಸಲ, ಜುಲೈ ತಿಂಗಳಲ್ಲಿ, ಇವರೆಲ್ಲ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಸೇರ್ತಾರೆ. ಕೆಂಟಕಿ ಹಾರ್ಸ್ ಪಾರ್ಕ್‌ನಲ್ಲಿ ಬ್ರೇಯರ್‌ಫೆಸ್ಟ್. 1990ರಿಂದ ನಡೀತಿದೆ. ಕೊರೊನಾ ಬಂದ 2020ರಲ್ಲಿ ಅದು ಆನ್‌ಲೈನ್‌ಗೆ ಹೋಯ್ತು. ಅಲ್ಲಿ ನಿಜವಾದ ಕುದುರೆಗಳೂ ಬರ್ತವೆ, ಅವುಗಳದ್ದೇ ಮಾಡೆಲ್ ಪಕ್ಕದಲ್ಲಿ ಮಾರಾಟಕ್ಕಿರುತ್ತೆ. ಆದ್ರೆ ಜನ ನೆನಪಿಟ್ಟುಕೊಳ್ಳೋದು ರಾತ್ರಿಯ ಹೋಟೆಲ್ ಅನ್ನ. ಬಂದವರೆಲ್ಲ ಕೋಣೆಯ ಬಾಗಿಲು ತೆರೆದಿಟ್ಟು, ಹಾಸಿಗೆ ಮೇಲೆ, ಕಿಟಕಿ ಮೇಲೆ, ಟಿವಿ ಪಕ್ಕ ಕುದುರೆ ಜೋಡಿಸಿ ಮಾರಾಟಕ್ಕಿಡ್ತಾರೆ. ನೀವು ಕಾರಿಡಾರ್ ಉದ್ದಕ್ಕೂ ನಡೀತಾ ಒಂದೊಂದು ಕೋಣೆಗೆ ಹೊಕ್ಕು ಬರಬಹುದು. ದಸರೆಯಲ್ಲಿ ಮೈಸೂರು ಕಡೆ ಮನೆಮನೆಗೆ ಹೋಗಿ ಗೊಂಬೆ ನೋಡಿ ಬರೋ ಹಾಗೆ. ಅಲ್ಲಿ ಕುಂಕುಮ, ಚರಪು. ಇಲ್ಲಿ ಹಳೆ ಕಥೆ, ಚೌಕಾಸಿ.

ಕೊನೆಗೆ ಒಂದು ಗಂಭೀರ ಮಾತು. 60, 70ರ ದಶಕದಲ್ಲಿ ಅಂಚೆಯಲ್ಲಿ ಫೋಟೋ ಕಳಿಸ್ತಿದ್ದ ಹುಡುಗಿಯರಿಗೆ ಈಗ ವಯಸ್ಸಾಗಿದೆ. ಮನೆ ತುಂಬ ನೂರಾರು ಕುದುರೆ. ಅವರು ಹೋದ ಮೇಲೆ ಮಕ್ಕಳಿಗೆ ಇದರ ಬೆಲೆ ಗೊತ್ತಿಲ್ಲ, ಹಳೆ ಪ್ಲಾಸ್ಟಿಕ್ ಅಂತ ಗುಜರಿಗೆ ಹೋಗಬಹುದು. ಹಾಗಾಗಿ ಈಗ ಸಂಗ್ರಾಹಕರು ಒಬ್ಬರಿಗೊಬ್ಬರು ಹೇಳಿಕೊಳ್ಳೋ ಬುದ್ಧಿಮಾತು ಇದು: ಪಟ್ಟಿ ಮಾಡಿಡಿ. ಯಾವ ಕುದುರೆ, ಯಾವ ವರ್ಷ, ಯಾರು ಬಣ್ಣ ಹಚ್ಚಿದ್ದು, ಎಷ್ಟು ಬೆಲೆ, ಮತ್ತೆ ನಾನು ಹೋದ ಮೇಲೆ ಯಾವ ಗೆಳತಿಗೆ ಫೋನ್ ಮಾಡಬೇಕು.

ನನ್ನ ಬಿಕಾಂ ತಲೆಗೆ ಇದು ಸ್ಟಾಕ್ ರಿಜಿಸ್ಟರ್. ಆದ್ರೆ ಆ ಕೊನೆಯ ಸಾಲು ಯಾವ ರಿಜಿಸ್ಟರ್‌ನಲ್ಲೂ ಇರಲ್ಲ. ನಿಮ್ಮ ಮನೇಲೂ ಯಾರಾದ್ರೂ ಏನನ್ನಾದ್ರೂ ಕೂಡಿಟ್ಟಿರ್ತಾರೆ. ಅಂಚೆ ಚೀಟಿ, ಹಳೆ ನಾಣ್ಯ, ಸಿನಿಮಾ ಹಾಡಿನ ಪುಸ್ತಕ, ಬೆಂಕಿಪೊಟ್ಟಣದ ಚಿತ್ರ. ಅದು ಕಸ ಅನ್ನೋಕೆ ಮುಂಚೆ ಒಂದು ಹತ್ತು ನಿಮಿಷ ಕೂತು ಕೇಳಿ, ಇದು ಎಲ್ಲಿ ಸಿಕ್ತು, ಯಾರು ಕೊಟ್ರು ಅಂತ. ಫೋನ್‌ನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ನೀವು ಪಾಡ್‌ಕಾಸ್ಟರ್ ಆಗೋದು ಬೇಡ, ಆ ಪಟ್ಟಿಯಲ್ಲಿ ಫೋನ್ ನಂಬರ್ ಇರೋ ಆ ಒಬ್ಬರಾದ್ರೆ ಸಾಕು.

ಇಷ್ಟ ಆದ್ರೆ ಈ ಸಂಚಿಕೆಯನ್ನ ಏನಾದ್ರೂ ಸಂಗ್ರಹ ಮಾಡೋ ಒಬ್ಬರಿಗೆ ಕಳಿಸಿ.